ಮೂರನೆಯ ಕೋನದ ಸಾಕ್ಷ್ಯ: ತ್ರಿಭುಜಗಳ ಲೆಕ್ಕದಲ್ಲಿ ದೋಷ ಹಿಡಿದ ಚರಿತ್ರೆ

ತ್ರಿಭುಜವೊಂದರ ಒಂದು ಬಾಹುವೂ ಅದರ ಎರಡು ತುದಿಗಳಲ್ಲಿರುವ ಕೋನಗಳೂ ತಿಳಿದಿದ್ದರೆ ಉಳಿದ ಎರಡು ಬಾಹುಗಳನ್ನೂ ಮೂರನೆಯ ಕೋನವನ್ನೂ ಲೆಕ್ಕದಿಂದಲೇ ಪಡೆಯಬಹುದು. ಸಮತಲದ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ ನಿಯಮವಿರುವುದರಿಂದ ಮೂರನೆಯ ಕೋನವನ್ನು ಅಳೆಯಲು ಯಾರೂ ಅಲ್ಲಿಗೆ ಹೋಗಬೇಕಾಗಿಲ್ಲ. ಆದರೂ ತ್ರಿಭುಜಗಳ ಮೂಲಕ ನಾಡನ್ನು ಅಳೆದ ಎಚ್ಚರದ ಮೋಜಣಿದಾರರು ಆ ಮೂರನೆಯ ಕೋನಕ್ಕಾಗಿ ಅರ್ಧ ಟನ್ ತೂಕದ ಉಪಕರಣವನ್ನು ಮತ್ತೊಂದು ಬೆಟ್ಟದ ನೆತ್ತಿಗೆ ಹೊರಿಸಿದರು, ಮಂಜು ತಿಳಿಯಾಗುವವರೆಗೆ ಅಲ್ಲೇ ಬಿಡಾರ ಹೂಡಿ ಕಾದರು. ಎರಡೇ ಕೋನಗಳನ್ನು ಅಳೆದು ಮೂರನೆಯದನ್ನು ಕಳೆಯುವ ಲೆಕ್ಕದಿಂದ ಪಡೆದರೆ ಮೊತ್ತ ಯಾವಾಗಲೂ ಸರಿಯಾಗಿ 180 ಬರುತ್ತದೆ, ಅಳತೆ ಎಷ್ಟೇ ಕೆಟ್ಟಿದ್ದರೂ ಬರುತ್ತದೆ. ಮೂರನೆಯದನ್ನೂ ಅಳೆದಾಗ ಮಾತ್ರ ಮೊತ್ತ ತಪ್ಪಬಲ್ಲದು, ಮೊತ್ತ ತಪ್ಪಬಲ್ಲ ಕಡೆಯಲ್ಲಿ ಮಾತ್ರ ದೋಷ ಕಣ್ಣಿಗೆ ಬೀಳುತ್ತದೆ. ತ್ರಿಕೋನಮಿತಿಯ ಚರಿತ್ರೆಯನ್ನು ಸಾಮಾನ್ಯವಾಗಿ ಸೂತ್ರಗಳ ಚರಿತ್ರೆಯಾಗಿ ಬರೆಯುವುದುಂಟು. ದೋಷ ಹಿಡಿಯುವ ಉಪಾಯಗಳ ಚರಿತ್ರೆಯೂ ಅಷ್ಟೇ ಹಳೆಯದು, ಅದರಲ್ಲಿರುವ ಗಣಿತವೂ ಅಷ್ಟೇ ಗಂಭೀರವಾದದ್ದು. ಆ ಚರಿತ್ರೆಯ ಮಹತ್ವದ ಘಟ್ಟವೊಂದು ಬೆಂಗಳೂರಿನ ಬಳಿಯ ಬಯಲಿನಲ್ಲಿ ಆರಂಭವಾಯಿತು.

ಭಾರತದ ಹಳೆಯ ಗಣಿತಗ್ರಂಥಗಳಲ್ಲಿ ತ್ರಿಭುಜ, ಚತುರ್ಭುಜಗಳ ವಿಚಾರ ಕ್ಷೇತ್ರಗಣಿತ ಅಥವಾ ಕ್ಷೇತ್ರವ್ಯವಹಾರವೆಂಬ ಭಾಗದಲ್ಲಿ ಬರುತ್ತದೆ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಕ್ಷೇತ್ರಫಲಕ್ಕೆ ಸ್ಥೂಲ ಮತ್ತು ಸೂಕ್ಷ್ಮವೆಂಬ ಎರಡು ನಿಯಮಗಳನ್ನು ಬೇರೆ ಬೇರೆಯಾಗಿ ಕೊಟ್ಟನು. 9ನೆಯ ಶತಮಾನದ ನಡುಭಾಗದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಇದೇ ಭೇದವನ್ನು ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಕರೆದು ಮುಂದುವರಿಸಿದನು. ವ್ಯಾವಹಾರಿಕ ನಿಯಮದಂತೆ ತ್ರಿಭುಜದ ಪಾದದ ಅರ್ಧವನ್ನು ಉಳಿದೆರಡು ಬಾಹುಗಳ ಸರಾಸರಿಯಿಂದ ಗುಣಿಸಬೇಕು. ಸೂಕ್ಷ್ಮ ನಿಯಮದಂತೆ ಮೂರು ಬಾಹುಗಳ ಮೊತ್ತದ ಅರ್ಧವನ್ನು ತೆಗೆದುಕೊಂಡು, ಅದರಿಂದ ಒಂದೊಂದು ಬಾಹುವನ್ನೂ ಕಳೆದು, ಬಂದ ಮೂರು ಶೇಷಗಳನ್ನೂ ಆ ಅರ್ಧಮೊತ್ತವನ್ನೂ ಒಟ್ಟಿಗೆ ಗುಣಿಸಿ, ಗುಣಲಬ್ಧದ ವರ್ಗಮೂಲವನ್ನು ಕಂಡುಹಿಡಿಯಬೇಕು. 13, 14, 15 ಬಾಹುಗಳ ತ್ರಿಭುಜದಲ್ಲಿ 14ನ್ನು ಪಾದವಾಗಿಟ್ಟರೆ ಮೊದಲ ನಿಯಮ 98 ಎನ್ನುತ್ತದೆ, ಎರಡನೆಯದು 84 ಎನ್ನುತ್ತದೆ. ಲಂಬವನ್ನು ಎಳೆದು ನೋಡಿದರೆ ಪಾದವು 5 ಮತ್ತು 9 ಎಂಬ ಎರಡು ತುಂಡುಗಳಾಗುತ್ತದೆ (ಇವನ್ನು ಆಬಾಧೆಗಳೆಂದು ಕರೆಯುತ್ತಿದ್ದರು), ಲಂಬ 12 ಆಗುತ್ತದೆ, 14ರ ಅರ್ಧವನ್ನು 12ರಿಂದ ಗುಣಿಸಿದಾಗ 84 ಬಂದು ಸೂಕ್ಷ್ಮ ನಿಯಮವೇ ಸರಿಯೆಂದು ತೋರುತ್ತದೆ. ಒಂದೇ ಪ್ರಶ್ನೆಗೆ ಪರಸ್ಪರ ಸಂಬಂಧವಿಲ್ಲದ ಎರಡು ದಾರಿಗಳಲ್ಲಿ ಉತ್ತರ ಹುಡುಕಿ ತಾಳೆ ನೋಡುವ ಈ ಕ್ರಮವೇ ಮುಂದೆ ನಾಡುಗಳನ್ನು ಅಳೆಯುವಾಗಲೂ ನಿಂತ ಆಧಾರ.

ವ್ಯಾವಹಾರಿಕ ನಿಯಮ ಅಷ್ಟು ಕಾಲ ಉಳಿದದ್ದಕ್ಕೆ ಅಜ್ಞಾನವನ್ನು ಕಾರಣವಾಗಿ ಹೇಳುವುದು ಅನ್ಯಾಯ. ಹೊಲದ ಅಂಚುಗಳನ್ನು ಅಳತೆಗೋಲಿನಿಂದ ಅಳೆಯುವುದು ಸುಲಭ, ಬೆಳೆ ನಿಂತ ನೆಲದ ನಡುವೆ ಲಂಬವನ್ನು ಹಿಡಿಯುವುದು ಕಷ್ಟ, ದೊಡ್ಡ ಸಂಖ್ಯೆಗಳ ವರ್ಗಮೂಲ ತೆಗೆಯುವುದು ಗ್ರಾಮದ ಲೆಕ್ಕಿಗನಿಗೆ ಇನ್ನೂ ಕಷ್ಟ. ಆದರೆ ಈ ನಿಯಮದ ದೋಷ ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ: ಅದು ತ್ರಿಭುಜದ ಕ್ಷೇತ್ರಫಲವನ್ನು ಹೆಚ್ಚಾಗಿಯೇ ತೋರಿಸುತ್ತದೆ, ಎಂದಿಗೂ ಕಡಿಮೆಯಾಗಿ ತೋರಿಸುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಹೆಚ್ಚಾದದ್ದು ಆರರಲ್ಲಿ ಒಂದು ಪಾಲು. ಅದರ ಮೇಲೆ ಕಂದಾಯ ಕಟ್ಟುವವನಿಗೆ ಅದು ಸಣ್ಣ ಮಾತಲ್ಲ. ಮಹಾವೀರಾಚಾರ್ಯನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರಿಸಿದ್ದರಿಂದ ಓದುಗನಿಗೆ ಯಾವುದು ಅಂದಾಜು, ಯಾವುದು ನಿಖರವೆಂಬ ವಿವೇಕ ಉಳಿಯಿತು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕ್ಷೇತ್ರಗಣಿತವೆಂಬ ಹೆಸರಿನಲ್ಲೇ ಕನ್ನಡದಲ್ಲಿ ಗ್ರಂಥ ರಚಿಸಿದಾಗ ಈ ಪರಂಪರೆ ನೇರವಾಗಿ ಕನ್ನಡದ ಓದುಗರ ಕೈಸೇರಿತು.

ಲೆಕ್ಕದಲ್ಲಿನ ತಪ್ಪಿಗೂ ಪ್ರಶ್ನೆಯಲ್ಲೇ ಇರುವ ತಪ್ಪಿಗೂ ಇರುವ ಅಂತರವನ್ನು ಸ್ಪಷ್ಟವಾಗಿ ಎತ್ತಿ ಹೇಳಿದವನು ಎರಡನೆಯ ಭಾಸ್ಕರಾಚಾರ್ಯ. 1150ರ ಸುಮಾರಿಗೆ ರಚಿತವಾದ ಲೀಲಾವತಿಯಲ್ಲಿ ಅವನು 3, 6, 9 ಬಾಹುಗಳ ತ್ರಿಭುಜವನ್ನೂ 2, 3, 6, 12 ಬಾಹುಗಳ ಚತುರ್ಭುಜವನ್ನೂ ಉದಾಹರಣೆಯಾಗಿ ಕೊಟ್ಟು, ಒಂದು ಬಾಹು ಉಳಿದವುಗಳ ಮೊತ್ತಕ್ಕೆ ಸಮವಾಗಿದ್ದರೆ ಅಥವಾ ಅದನ್ನು ಮೀರಿದ್ದರೆ ಅದು ಅಕ್ಷೇತ್ರ, ಅಂದರೆ ಆಕೃತಿಯೇ ಅಲ್ಲವೆಂದು ವಿವರಿಸುತ್ತಾನೆ. ಆ ಅಳತೆಯ ನೇರ ಕಡ್ಡಿಗಳನ್ನು ನೆಲದ ಮೇಲೆ ಜೋಡಿಸಿ ನೋಡಿದರೆ ಅಸಂಗತಿ ತಾನೇ ತೋರುವುದೆಂಬುದು ಅವನ ಸೂಚನೆ. ಇಲ್ಲಿ ಎರಡು ನಿಯಮಗಳ ಯೋಗ್ಯತೆಯೂ ಬಯಲಾಗುತ್ತದೆ. 9ನ್ನು ಪಾದವಾಗಿಟ್ಟು ವ್ಯಾವಹಾರಿಕ ನಿಯಮವನ್ನು ಹಾಕಿದರೆ ಇಲ್ಲದ ತ್ರಿಭುಜಕ್ಕೆ 20.25 ಎಂಬ ಕ್ಷೇತ್ರಫಲ ನಿರಾತಂಕವಾಗಿ ದೊರೆಯುತ್ತದೆ. ಸೂಕ್ಷ್ಮ ನಿಯಮದಲ್ಲಿ ಬಾಹುಗಳ ಅರ್ಧಮೊತ್ತವೂ 9, ಅದರಿಂದ 9ನ್ನು ಕಳೆದ ಶೇಷ ಸೊನ್ನೆ, ಆದ್ದರಿಂದ ಕ್ಷೇತ್ರಫಲವೂ ಸೊನ್ನೆ. ಚತುರ್ಭುಜದ ಉದಾಹರಣೆಯಲ್ಲಿ ಅರ್ಧಮೊತ್ತ 11.5, ಅದರಿಂದ 12ನ್ನು ಕಳೆದಾಗ ಋಣಸಂಖ್ಯೆ ಬಂದು ವರ್ಗಮೂಲವೇ ಸಾಧ್ಯವಾಗದೆ ಲೆಕ್ಕ ನಿಂತುಬಿಡುತ್ತದೆ. ಕೆಟ್ಟ ಪ್ರಶ್ನೆಯನ್ನು ಎದುರಿಸಿದಾಗ ನಿಂತುಬಿಡುವ ನಿಯಮ ಒಳ್ಳೆಯ ನಿಯಮ. ಏನನ್ನು ಕೊಟ್ಟರೂ ಉತ್ತರ ಹೇಳುವ ನಿಯಮವನ್ನು ನಂಬಲಾಗದು.

ಭಾಸ್ಕರನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ನಾಲ್ಕು ಬಾಹುಗಳನ್ನು ಮಾತ್ರ ಹೇಳಿ ಚತುರ್ಭುಜದ ಕ್ಷೇತ್ರಫಲವನ್ನು ಕೇಳುವುದೇ ತಪ್ಪು, ಏಕೆಂದರೆ ಅದೇ ನಾಲ್ಕು ಬಾಹುಗಳನ್ನು ಒತ್ತಿದಾಗ ಆಕೃತಿ ಬಾಗಿ ವಿಕರ್ಣಗಳು, ಅಂದರೆ ಎದುರು ಮೂಲೆಗಳನ್ನು ಸೇರಿಸುವ ರೇಖೆಗಳು, ಬದಲಾಗುತ್ತವೆ. ವಿಕರ್ಣವನ್ನೋ ಲಂಬವನ್ನೋ ಹೇಳದೆ ಪ್ರಶ್ನೆ ಪೂರ್ಣವಾಗುವುದಿಲ್ಲವೆಂದು ಅವನು ಕಟುವಾಗಿಯೇ ಬರೆದನು. ಕೇಳುವವನಿಗಿಂತಲೂ ಅದಕ್ಕೆ ಉತ್ತರ ಹೇಳಲು ಹೊರಡುವವನನ್ನು ಅವನು ಹೆಚ್ಚಾಗಿ ದೂಷಿಸುತ್ತಾನೆ. ತ್ರಿಭುಜಕ್ಕೆ ಮಾತ್ರ ಈ ತೊಂದರೆಯಿಲ್ಲ: ಮೂರು ಬಾಹುಗಳು ನಿಶ್ಚಿತವಾದರೆ ಆಕೃತಿ ಅಲುಗಾಡುವುದಿಲ್ಲ. ವಿಸ್ತಾರವಾದ ನೆಲವನ್ನು ಅಳೆಯಹೊರಟವರು ತ್ರಿಭುಜವನ್ನೇ ಆರಿಸಿಕೊಂಡದ್ದಕ್ಕೆ ಇದೇ ಕಾರಣ.

ಕೋನದಿಂದ ಬಾಹುವಿಗೆ ಹೋಗುವ ಸಾಧನ ಭಾರತದಲ್ಲಿ ಬಹುಕಾಲದಿಂದ ಇತ್ತು. 499ರ ಆರ್ಯಭಟೀಯದಲ್ಲಿ 3 ಡಿಗ್ರಿ 45 ನಿಮಿಷಗಳ ಅಂತರಕ್ಕೆ ಒಂದರಂತೆ 24 ಜ್ಯಾಗಳ ಪಟ್ಟಿ ಇದೆ. ಇಂದಿನ ಶಾಲೆಗಳಲ್ಲಿ ಸೈನ್ ಎಂದು ಕಲಿಸುವುದು ಈ ಜ್ಯಾವನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವ ಬೆಲೆ. ಆದರೆ ಈ ಪಟ್ಟಿಗಳು ಮುಖ್ಯವಾಗಿ ಗ್ರಹಗಣಿತಕ್ಕೆ, ಅಂದರೆ ಆಕಾಶದ ಲೆಕ್ಕಕ್ಕೆ, ಬಳಕೆಯಾದವು. ತ್ರಿಭುಜಗಳನ್ನು ಒಂದರ ಬೆನ್ನಿಗೊಂದು ಕಟ್ಟುತ್ತ ನೆಲದ ದೂರಗಳನ್ನು ಕಂಡುಹಿಡಿಯುವ ಪದ್ಧತಿಯನ್ನು 17ನೆಯ ಶತಮಾನದ ಆರಂಭದಲ್ಲಿ ನೆದರ್ಲೆಂಡ್ಸಿನಲ್ಲಿ ಸ್ನೆಲ್ಲಿಯಸ್ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದನು. ಒಂದು ರೇಖೆಯನ್ನು ಮಾತ್ರ ನೆಲದ ಮೇಲೆ ಅತ್ಯಂತ ಎಚ್ಚರದಿಂದ ಅಳೆಯಬೇಕು. ಅದಕ್ಕೆ ಆಧಾರರೇಖೆ ಎಂದು ಹೆಸರು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದರ ನಿಶಾನೆಗೆ ಕೋನಗಳನ್ನು ಅಳೆದು, ಬಾಹುಗಳು ತಮ್ಮ ಎದುರಿನ ಕೋನಗಳ ಸೈನ್‌ಗಳ ಪ್ರಮಾಣದಲ್ಲಿರುತ್ತವೆ ಎಂಬ ನಿಯಮದಿಂದ ಹೊಸ ಬಾಹುಗಳನ್ನು ಪಡೆದು, ಆ ಬಾಹುಗಳನ್ನೇ ಮುಂದಿನ ತ್ರಿಭುಜಗಳಿಗೆ ಆಧಾರವಾಗಿ ಹಿಡಿದು ಸಾಗಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿ 33ನೆಯ ಕಾಲಾಳು ದಳದ ಅಧಿಕಾರಿಯಾಗಿದ್ದ ವಿಲಿಯಂ ಲ್ಯಾಂಬ್ಟನ್ ಮದ್ರಾಸ್ ಸರ್ಕಾರದ ಮುಂದೆ ಪರ್ಯಾಯದ್ವೀಪವನ್ನು ಕರಾವಳಿಯಿಂದ ಕರಾವಳಿಗೆ ತ್ರಿಭುಜಗಳಿಂದ ಅಳೆಯುವ ಯೋಜನೆಯನ್ನಿಟ್ಟನು. ಗೆದ್ದ ನಾಡಿನ ಕಂದಾಯಕ್ಕೂ ಸೈನ್ಯದ ಸಂಚಾರಕ್ಕೂ ನಕ್ಷೆ ಬೇಕಿದ್ದ ಈಸ್ಟ್ ಇಂಡಿಯಾ ಕಂಪನಿ ಒಪ್ಪಿತು. ಲ್ಯಾಂಬ್ಟನ್‌ನ ಸ್ವಂತ ಆಸಕ್ತಿಯಾದರೋ ಭೂಮಿಯ ಆಕಾರವನ್ನು ಅರಿಯುವುದರಲ್ಲಿತ್ತು. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಮೊದಲ ಆಧಾರರೇಖೆಯನ್ನು ಅಳೆಯಲಾಯಿತು. ಅಳೆದ ಸಾಧನ ಎರಡೂವರೆ ಅಡಿಯ 40 ಕೊಂಡಿಗಳಿದ್ದ, 100 ಅಡಿ ಉದ್ದದ ಉಕ್ಕಿನ ಸರಪಳಿ. ಮೊದಲು ಅದು ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋದ ಸಾಮಗ್ರಿಗಳ ಪೈಕಿ ಇತ್ತು. ದೊಡ್ಡ ಥಿಯೋಡೊಲೈಟ್, ಎಂದರೆ ಅಡ್ಡ ಮತ್ತು ಲಂಬ ದಿಕ್ಕಿನ ಕೋನಗಳನ್ನಳೆಯುವ ದೂರದರ್ಶಕಯುಕ್ತ ಯಂತ್ರ, ಇನ್ನೂ ಬಂದಿರಲಿಲ್ಲ. ಲಂಡನ್ನಿನ ಕ್ಯಾರಿ ಎಂಬ ಕುಶಲಕರ್ಮಿ ತಯಾರಿಸಿದ ಆ ಯಂತ್ರವನ್ನು ಹೊತ್ತ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದಿದ್ದರು. ವಿಜ್ಞಾನದ ಸಾಧನವೆಂದು ತಿಳಿದಮೇಲೆ ಗೌರವದಿಂದ ಮದ್ರಾಸಿಗೆ ಕಳುಹಿಸಿಕೊಟ್ಟರು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಹೊಸ ಆಧಾರರೇಖೆಯನ್ನು ಅಳೆದು, ಅಲ್ಲಿಂದ ನಿಜವಾದ ಸರಣಿ ಆರಂಭವಾಯಿತು.

ಸರಪಳಿಯ ಅಳತೆಯಲ್ಲಿ ಶಾಖವೇ ದೊಡ್ಡ ಶತ್ರು. ಮುಕ್ಕಾಲಿಗಳ ಮೇಲೆ ಸಾಲಾಗಿ ಇಟ್ಟ ಮರದ ದೋಣಿಗಳಲ್ಲಿ ಸರಪಳಿಯನ್ನು ಮಲಗಿಸಿ, ನಿಯತ ತೂಕದಿಂದ ಎಳೆದು, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಪ್ರತಿ ಬಾರಿಯೂ ಶಾಖವನ್ನು ಬರೆದುಕೊಳ್ಳುತ್ತಿದ್ದರು. ಏಳೂವರೆ ಮೈಲಿ ಉದ್ದಕ್ಕೆ ಉಕ್ಕಿನ ಸರಾಸರಿ ಶಾಖವನ್ನು ಒಂದೇ ಒಂದು ಫ್ಯಾರನ್‌ಹೀಟ್ ಡಿಗ್ರಿಯಷ್ಟು ತಪ್ಪಾಗಿ ಎಣಿಸಿದರೂ ಉದ್ದದಲ್ಲಿ ಸುಮಾರು ಮೂರು ಅಂಗುಲದ ದೋಷ ಬರುತ್ತದೆ. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಫಲಿತಾಂಶದ ತೂಕ ತಿಳಿಯುತ್ತದೆ. 1804ರಲ್ಲಿ ಸರಣಿ ಮೈಸೂರು ಸೀಮೆಗೆ ತಲುಪಿದಾಗ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಜಾನ್ ವಾರೆನ್ ಅಳೆದನು. ಕೋಲಾರದ ನೆಲದಲ್ಲಿ ಚಿನ್ನವಿರುವುದನ್ನು ಕೆಲವೇ ವರ್ಷಗಳ ಹಿಂದೆ ಸರ್ಕಾರದ ಗಮನಕ್ಕೆ ತಂದವನೂ ಇವನೇ. ಈ ರೇಖೆಯ ಉದ್ದ ಎರಡು ರೀತಿಯಲ್ಲಿ ದೊರೆಯಿತು: ಮದ್ರಾಸಿನ ರೇಖೆಯಿಂದ ತ್ರಿಭುಜಗಳ ಮೂಲಕ ಲೆಕ್ಕಹಾಕಿ ಬಂದದ್ದು ಒಂದು, ನೆಲದ ಮೇಲೆ ಸರಪಳಿ ಹಿಡಿದು ಅಳೆದದ್ದು ಇನ್ನೊಂದು. ಎರಡರ ನಡುವಿನ ವ್ಯತ್ಯಾಸ 3.7 ಅಂಗುಲ. ಹೀಗೆ ಲೆಕ್ಕವನ್ನು ಪರೀಕ್ಷಿಸುವುದಕ್ಕೆಂದೇ ಅಳೆಯುವ ರೇಖೆಗೆ ತಾಳೆಯ ಆಧಾರರೇಖೆ ಎನ್ನಬಹುದು. ಒಂದು ಡಿಗ್ರಿ ಶಾಖದ ತಪ್ಪಿನಷ್ಟೇ ಅಂತರ, ನೂರೈವತ್ತು ಮೈಲಿಗೂ ಹೆಚ್ಚು ದೂರ ಬೆಟ್ಟದಿಂದ ಬೆಟ್ಟಕ್ಕೆ ಸಾಗಿಬಂದ ಲೆಕ್ಕದಲ್ಲಿ ಉಳಿದಿತ್ತು.

ಇಷ್ಟು ಸಣ್ಣ ಅಂತರವನ್ನು ಸಾಧಿಸಲು ತ್ರಿಭುಜಗಳ ಆಕಾರವನ್ನೇ ವಿವೇಕದಿಂದ ಆರಿಸಬೇಕಾಗಿತ್ತು. ಒಂದು ಸೆಕೆಂಡು, ಅಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗದಷ್ಟು ಕೋನದೋಷ, 30 ಮೈಲಿ ದೂರದಲ್ಲಿ ಸುಮಾರು ಒಂಬತ್ತು ಅಂಗುಲ ಪಕ್ಕಕ್ಕೆ ಸರಿಸುತ್ತದೆ. ಆದರೆ ಅದೇ ದೋಷ ಸೈನ್ ನಿಯಮದ ಮೂಲಕ ಬಾಹುವಿನ ಉದ್ದಕ್ಕೆ ಹೋಗುವಾಗ ಎಲ್ಲ ಕೋನಗಳಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. 60 ಡಿಗ್ರಿಯ ಸುತ್ತಮುತ್ತ ಸೈನ್ ನಿಧಾನವಾಗಿ ಬದಲಾಗುತ್ತದೆ, 10 ಡಿಗ್ರಿಯ ಬಳಿ ತನ್ನ ಬೆಲೆಗೆ ಹೋಲಿಸಿದರೆ ಬಹಳ ಬೇಗ ಬದಲಾಗುತ್ತದೆ. ಒಂದೇ ಸೆಕೆಂಡಿನ ದೋಷ 10 ಡಿಗ್ರಿಯ ಕೋನದಲ್ಲಿ ಮಾಡುವ ಹಾನಿ 60 ಡಿಗ್ರಿಯ ಕೋನದಲ್ಲಿ ಮಾಡುವುದರ ಸುಮಾರು ಹತ್ತರಷ್ಟು. ಆದ್ದರಿಂದ ಚೂಪಾದ ತ್ರಿಭುಜಗಳನ್ನು ಬಿಟ್ಟು, ಸಾಧ್ಯವಾದಷ್ಟು ಸಮಬಾಹುವಿಗೆ ಹತ್ತಿರವಾದ ತ್ರಿಭುಜಗಳು ದೊರೆಯುವಂತೆ ಶಿಖರಗಳನ್ನು ಆಯ್ದುಕೊಳ್ಳುತ್ತಿದ್ದರು. ಸಾವನದುರ್ಗದಂಥ ಏಕಶಿಲೆಗಳು ಎದ್ದು ನಿಂತ ಮೈಸೂರು ಪ್ರಸ್ಥಭೂಮಿ ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಉತ್ತರದ ಗಂಗಾ ಬಯಲಿನಲ್ಲಿ ಮುಂದೆ ಇದೇ ಕೆಲಸಕ್ಕೆ ಎತ್ತರದ ಗೋಪುರಗಳನ್ನು ಕಟ್ಟಿಸಬೇಕಾಯಿತು.

ಮೂರೂ ಕೋನಗಳನ್ನು ಅಳೆದ ಮೇಲೆ ಮೊತ್ತ 180 ಡಿಗ್ರಿಗೆ ಸರಿಹೊಂದಬೇಕೆಂದು ನಿರೀಕ್ಷಿಸುವುದೂ ದೊಡ್ಡ ತ್ರಿಭುಜಗಳಲ್ಲಿ ತಪ್ಪಾಗುತ್ತದೆ. ಭೂಮಿಯ ಮೇಲ್ಮೈ ಬಾಗಿರುವುದರಿಂದ ಅದರ ಮೇಲಿನ ತ್ರಿಭುಜದ ಕೋನಗಳ ಮೊತ್ತ 180ಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ. ಈ ಹೆಚ್ಚಳಕ್ಕೆ ಗೋಳಾಧಿಕ್ಯ ಎಂದು ಹೇಳಬಹುದು. ಅದು ತ್ರಿಭುಜದ ವಿಸ್ತೀರ್ಣವನ್ನು ಅನುಸರಿಸುತ್ತದೆ, ಸುಮಾರು 76 ಚದರ ಮೈಲಿಗೆ ಒಂದು ಸೆಕೆಂಡಿನಂತೆ. 1787ರಲ್ಲಿ ವಿಲಿಯಂ ರಾಯ್ ಇಂಗ್ಲೆಂಡು ಮತ್ತು ಫ್ರಾನ್ಸುಗಳನ್ನು ತ್ರಿಭುಜಗಳಿಂದ ಜೋಡಿಸಲು ಹೊರಟಾಗ ಬಳಸಿದ ರಾಮ್ಸ್‌ಡೆನ್‌ನ ಥಿಯೋಡೊಲೈಟ್ ಇಂಥ ಸೂಕ್ಷ್ಮವನ್ನು ಗುರುತಿಸುವಷ್ಟು ನಿಖರವಾಗಿತ್ತು. ಅದೇ ಕಾಲದಲ್ಲಿ ಫ್ರಾನ್ಸಿನ ಲೆಜಾಂಡ್ರ್ ಒಂದು ಸರಳ ಉಪಾಯವನ್ನು ಕಂಡುಕೊಂಡನು: ಗೋಳದ ಮೇಲಿನ ತ್ರಿಭುಜದ ಪ್ರತಿ ಕೋನದಿಂದಲೂ ಗೋಳಾಧಿಕ್ಯದ ಮೂರನೆಯ ಒಂದು ಭಾಗವನ್ನು ಕಳೆದರೆ ಉಳಿದ ಲೆಕ್ಕವನ್ನು ಸಮತಲದ ತ್ರಿಭುಜವೆಂದೇ ಮಾಡಬಹುದು.

ಒಂದು ಕಲ್ಪಿತ ಉದಾಹರಣೆಯಿಂದ ಈ ತಿದ್ದುಪಡಿಯ ಒಳಗುಟ್ಟು ಸ್ಪಷ್ಟವಾಗುತ್ತದೆ. ಮೂರೂ ಬಾಹುಗಳು 30 ಮೈಲಿಯಿರುವ ತ್ರಿಭುಜದ ವಿಸ್ತೀರ್ಣ ಸುಮಾರು 390 ಚದರ ಮೈಲಿ, ಗೋಳಾಧಿಕ್ಯ 5.1 ಸೆಕೆಂಡು. ಅಳೆದ ಮೂರು ಕೋನಗಳ ಮೊತ್ತ 180 ಡಿಗ್ರಿ 3.6 ಸೆಕೆಂಡು ಬಂದಿತೆಂದು ಇಟ್ಟುಕೊಂಡರೆ ನಿಜವಾದ ದೋಷ 1.5 ಸೆಕೆಂಡಿನ ಕೊರತೆ. ಅದನ್ನು ಮೂರಕ್ಕೂ ಸಮನಾಗಿ ಹಂಚಿ ಪ್ರತಿ ಕೋನಕ್ಕೂ 0.5 ಸೆಕೆಂಡು ಕೂಡಿಸಿ, ಆಮೇಲೆ ಗೋಳಾಧಿಕ್ಯದ ಪಾಲಾಗಿ 1.7 ಸೆಕೆಂಡು ಕಳೆಯಬೇಕು. ಗೋಳಾಧಿಕ್ಯವನ್ನು ಅರಿಯದವನು 3.6 ಸೆಕೆಂಡುಗಳಷ್ಟೂ ಅಳತೆಯ ದೋಷವೆಂದು ಬಗೆದು ಪ್ರತಿ ಕೋನದಿಂದ 1.2 ಸೆಕೆಂಡು ಕಳೆಯುತ್ತಾನೆ. ಆಶ್ಚರ್ಯವೆಂದರೆ ಎರಡೂ ದಾರಿಗಳಲ್ಲಿ ಕೊನೆಗೆ ಉಳಿಯುವ ಕೋನಗಳು ಒಂದೇ, ಬಾಹುಗಳೂ ಒಂದೇ. ಹಾಗಾದರೆ ಗೋಳಾಧಿಕ್ಯದ ಜ್ಞಾನದಿಂದ ಆದ ಪ್ರಯೋಜನವೇನೆಂಬ ಪ್ರಶ್ನೆ ಏಳುತ್ತದೆ. ಪ್ರಯೋಜನ ಅಳತೆಯ ಗುಣವನ್ನು ತೀರ್ಮಾನಿಸುವುದರಲ್ಲಿದೆ. ಅರಿಯದವನಿಗೆ ಮೊತ್ತ ಸರಿಯಾಗಿ 180 ಬಂದ ತ್ರಿಭುಜ ನಿರ್ದೋಷವೆನಿಸುತ್ತದೆ, ನಿಜದಲ್ಲಿ ಅದರಲ್ಲಿ 5 ಸೆಕೆಂಡಿನ ದೋಷ ಅಡಗಿರುತ್ತದೆ; ನಿರ್ದೋಷವಾದ ತ್ರಿಭುಜ ಅವನಿಗೆ ಕೆಟ್ಟದ್ದೆನಿಸಿ ಒಳ್ಳೆಯ ಅಳತೆಯೇ ತಿರಸ್ಕೃತವಾಗುತ್ತದೆ. ಅಲ್ಲದೆ ರೇಖೆಗಳ ದಿಕ್ಕನ್ನು ಒಂದು ಠಾಣೆಯಿಂದ ಇನ್ನೊಂದಕ್ಕೆ ಒಯ್ಯುವಾಗ ಗೋಳದ ಕೋನಗಳೇ ಬೇಕಾಗುವುದರಿಂದ ಅಲ್ಲಿ ತಪ್ಪು ಕೂಡುತ್ತಲೇ ಹೋಗುತ್ತದೆ. ಉತ್ತರ ಸರಿಯಾಗಿರುವುದೂ ತಿದ್ದುಪಡಿ ಸರಿಯಾಗಿರುವುದೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಸಿಗುವುದು ಕಷ್ಟ.

ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ ಸಂಪುಟಗಳಲ್ಲಿ ಲ್ಯಾಂಬ್ಟನ್ ಪ್ರಕಟಿಸಿದ ಪಟ್ಟಿಗಳು ಈ ಕಾರಣಕ್ಕೆ ಇಂದಿಗೂ ಗೌರವಕ್ಕೆ ಅರ್ಹವಾಗಿವೆ. ಪ್ರತಿ ತ್ರಿಭುಜಕ್ಕೂ ಅಳೆದ ಕೋನ, ಗೋಳಾಧಿಕ್ಯ, ದೋಷ, ಲೆಕ್ಕಕ್ಕೆ ತೆಗೆದುಕೊಂಡ ಕೋನ, ಕೊನೆಗೆ ಅಡಿಗಳಲ್ಲಿ ದೂರ ಇವೆಲ್ಲ ಬೇರೆ ಬೇರೆ ಅಂಕಣಗಳಲ್ಲಿವೆ. ತಿದ್ದಿದ ಕೋನಗಳನ್ನು ಮಾತ್ರ ಮುದ್ರಿಸಿದ್ದರೆ ಪುಟಗಳು ಚೊಕ್ಕಟವಾಗಿ ಕಾಣುತ್ತಿದ್ದವು, ಆದರೆ ಮುಂದಿನವರು ಪರೀಕ್ಷಿಸಲು ಏನೂ ಉಳಿಯುತ್ತಿರಲಿಲ್ಲ. ದೋಷವನ್ನು ಮೂರು ಕೋನಗಳಿಗೆ ಹಂಚುವಾಗ ಅವನು ಯಾವ ಕೋನದ ಅಳತೆ ಹೆಚ್ಚು ನಂಬಿಕೆಗೆ ಅರ್ಹವೆಂದು ತನ್ನ ವಿವೇಚನೆಯಿಂದಲೇ ತೀರ್ಮಾನಿಸುತ್ತಿದ್ದನು. ದೋಷಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ತಿದ್ದುಪಡಿಗಳನ್ನು ಆರಿಸಬೇಕೆಂಬ ಕನಿಷ್ಠ ವರ್ಗಗಳ ವಿಧಾನವನ್ನು ಲೆಜಾಂಡ್ರ್ 1805ರಲ್ಲಿ, ಗೌಸ್ 1809ರಲ್ಲಿ ಪ್ರಕಟಿಸಿದರು. ಮೈಸೂರಿನ ತ್ರಿಭುಜಗಳು ಆ ವೇಳೆಗೆ ಬಹುಮಟ್ಟಿಗೆ ಮುಗಿದಿದ್ದವು. ಈ ಸರಣಿ ಮಂಗಳೂರಿನ ಕಡಲನ್ನು ಮುಟ್ಟಿದಾಗ ಮದ್ರಾಸಿನಿಂದ ಅಲ್ಲಿಗೆ ಪರ್ಯಾಯದ್ವೀಪದ ಅಗಲ ಸುಮಾರು 360 ಮೈಲಿ ಎಂದು ಗೊತ್ತಾಯಿತು. ಹಿಂದಿನ ನಕ್ಷೆಗಳು ಅದನ್ನು 40 ಮೈಲಿಯಷ್ಟು ಹೆಚ್ಚಾಗಿ ತೋರಿಸಿದ್ದವು.

ತ್ರಿಭುಜದ ಮೊತ್ತ ಎಲ್ಲ ತಪ್ಪುಗಳನ್ನೂ ಹಿಡಿಯಲಾರದು. ಬೇರೆ ಬೆಟ್ಟದ ಮರವನ್ನು ನಿಶಾನೆಯೆಂದು ಭ್ರಮಿಸಿದರೆ ಅಥವಾ ಫಲಕದ ಗುರುತನ್ನು ತಪ್ಪಾಗಿ ಓದಿದರೆ ಮೊತ್ತ ಕೂಡಲೇ ಕೂಗಿ ಹೇಳುತ್ತದೆ; ಎರಡು ಕೋನಗಳ ದೋಷಗಳು ಒಂದನ್ನೊಂದು ಅಳಿಸುವಂತಿದ್ದರೆ ಸುಮ್ಮನಿರುತ್ತದೆ. ಅಂಥವನ್ನು ಹಿಡಿಯಲು ಎರಡೂ ವಿಕರ್ಣಗಳಿರುವ ಚತುರ್ಭುಜಗಳನ್ನೂ ನಡುವೆ ಠಾಣೆಯಿರುವ ಬಹುಭುಜಗಳನ್ನೂ ಕಟ್ಟಿ, ಒಂದೇ ಬಾಹುವನ್ನು ಎರಡು ಬೇರೆ ದಾರಿಗಳಿಂದ ಲೆಕ್ಕಹಾಕಿ ತಾಳೆ ನೋಡುತ್ತಿದ್ದರು. ಯಂತ್ರದ ಫಲಕದ ಕೇಂದ್ರವೂ ಅದು ತಿರುಗುವ ಅಚ್ಚಿನ ಕೇಂದ್ರವೂ ಕೂದಲೆಳೆಯಷ್ಟು ಬೇರೆಯಾಗಿದ್ದರೂ ಕೋನ ಕೆಡುತ್ತದೆ. ಎದುರುಬದುರಾಗಿಟ್ಟ ಎರಡು ಸೂಕ್ಷ್ಮದರ್ಶಕಗಳಿಂದ ಓದಿ ಸರಾಸರಿ ತೆಗೆದರೆ ಆ ದೋಷ ತಾನಾಗಿ ಕಳೆದುಹೋಗುತ್ತದೆ. ಫಲಕದ ಗೆರೆಗಳೇ ಅಸಮವಾಗಿದ್ದರೆ ಪ್ರತಿ ಸಲ ಫಲಕದ ಬೇರೆ ಭಾಗದಿಂದ ಓದಲು ತೊಡಗಬೇಕು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ ಮೇಲೆ ದೊಡ್ಡ ಥಿಯೋಡೊಲೈಟ್ ಅನ್ನು ಏರಿಸುವಾಗ ಹಗ್ಗ ಹರಿದು ಯಂತ್ರ ಗೋಡೆಗೆ ಬಡಿದು ಫಲಕ ಸೊಟ್ಟಗಾಯಿತು. ಲ್ಯಾಂಬ್ಟನ್ ಸುಮಾರು ಆರು ವಾರ ಅದನ್ನು ತಾನೇ ಬಿಚ್ಚಿ ತಿದ್ದಿ ಮತ್ತೆ ಬಳಕೆಗೆ ತಂದನು. ಯಂತ್ರ ಹಿಂದಿನಂತಾಗಲಿಲ್ಲ, ಆದರೆ ಅದರ ದೋಷದ ಸ್ವರೂಪ ತಿಳಿದಿದ್ದುದರಿಂದ ಅದನ್ನು ಮೀರುವ ಉಪಾಯವೂ ಕೈಯಲ್ಲಿತ್ತು.

1823ರ ಜನವರಿಯಲ್ಲಿ ಹಿಂಗನ್‌ಘಾಟಿನಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಮಹಾ ತ್ರಿಕೋನಮಿತೀಯ ಮೋಜಣಿ ಎಂದು ಹೆಸರಾಗಿದ್ದ ಈ ಕೆಲಸ ಜಾರ್ಜ್ ಎವರೆಸ್ಟನ ಕೈಗೆ ಬಂದಿತು. ಅವನು ಸರಪಳಿಯನ್ನು ಕೈಬಿಟ್ಟು, ಐರ್ಲೆಂಡಿನಲ್ಲಿ ಕಾಲ್ಬಿ ರೂಪಿಸಿದ್ದ ಹಿತ್ತಾಳೆ ಮತ್ತು ಕಬ್ಬಿಣದ ಜೋಡಿ ಪಟ್ಟಿಗಳನ್ನು ತಂದನು; ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದನ್ನೇ ಬಳಸಿಕೊಂಡು ತುದಿಯ ಗುರುತುಗಳ ನಡುವಿನ ದೂರ ಶಾಖಕ್ಕೆ ಬದಲಾಗದಂತೆ ಅವನ್ನು ಜೋಡಿಸಲಾಗಿತ್ತು. ಹಗಲಿನ ಬಿಸಿಗಾಳಿಯಲ್ಲಿ ದೂರದ ನಿಶಾನೆ ಕದಲುವುದರಿಂದ ರಾತ್ರಿ ದೀಪಗಳನ್ನು ನೋಡಿ ಕೋನ ಅಳೆಯುವುದನ್ನು ರೂಢಿಗೆ ತಂದನು. ಯಂತ್ರಗಳ ದುರಸ್ತಿಯನ್ನು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ನೋಡಿಕೊಂಡನು, ಲೆಕ್ಕದ ಹೊಣೆಯನ್ನು 1831ರಲ್ಲಿ ಸೇರಿದ ಬಂಗಾಳದ ರಾಧಾನಾಥ ಸಿಕ್ದಾರ್ ಕ್ರಮೇಣ ವಹಿಸಿಕೊಂಡನು. ಹೊರಗಿನ ಅಳತೆಗಿಂತ ಒಳಗಿನ ಲೆಕ್ಕ ಕಡಿಮೆ ಅಪಾಯದ್ದಲ್ಲ: ಸೈನ್‌ಗಳ ಪಟ್ಟಿಯಿಂದ ಒಂದು ಅಂಕಿಯನ್ನು ತಪ್ಪಾಗಿ ಎತ್ತಿಕೊಂಡರೆ ಕೋನಗಳ ಮೊತ್ತ ಏನನ್ನೂ ಹೇಳುವುದಿಲ್ಲ. ಆದುದರಿಂದ ಒಂದೇ ಲೆಕ್ಕವನ್ನು ಇಬ್ಬರು ಪರಸ್ಪರ ನೋಡದೆ ಮಾಡಬೇಕಾಗಿತ್ತು.

ಈ ಎಚ್ಚರದ ಫಲ ಕರ್ನಾಟಕದ ಉತ್ತರದಂಚಿನಲ್ಲಿ ಪರೀಕ್ಷೆಗೆ ಬಂದಿತು. ಬೀದರಿನ ಬಳಿ ಲ್ಯಾಂಬ್ಟನ್ 1815ರಲ್ಲಿ ಅಳೆದಿದ್ದ ಆಧಾರರೇಖೆಯನ್ನು 1841ರಲ್ಲಿ ಆಂಡ್ರ್ಯೂ ವಾ ಹೊಸ ಪಟ್ಟಿಗಳಿಂದ ಮತ್ತೆ ಅಳೆದನು. ಮಾಳವದ ಸಿರೋಂಜಿನ ಆಧಾರರೇಖೆಯಿಂದ ನಾಲ್ಕು ನೂರಕ್ಕೂ ಹೆಚ್ಚು ಮೈಲಿ ತ್ರಿಭುಜಗಳ ಮೂಲಕ ಬಂದ ಲೆಕ್ಕಕ್ಕೂ ಈ ಅಳತೆಗೂ, 41,578 ಅಡಿ ಉದ್ದದಲ್ಲಿ, ಬಂದ ವ್ಯತ್ಯಾಸ ಸುಮಾರು 4.3 ಅಂಗುಲ. ಸಿರೋಂಜಿನಿಂದ ಉತ್ತರಕ್ಕೆ ದೆಹರಾದೂನಿನ ಆಧಾರರೇಖೆಯವರೆಗಿನ ತಾಳೆಯಲ್ಲಿ ವ್ಯತ್ಯಾಸ ಏಳು ಅಂಗುಲದ ಆಸುಪಾಸಿನಲ್ಲಿತ್ತು.

ಈ ಎರಡನೆಯ ತಾಳೆಯೇ ಮುಂದೆ ಒಂದು ದೊಡ್ಡ ತೊಡಕಿಗೆ ಸಾಕ್ಷಿಯಾಯಿತು. ಸಿರೋಂಜಿನ ಬಳಿಯ ಕಲ್ಯಾಣಪುರಕ್ಕೂ ಮುಜಫ್ಫರ್‌ನಗರದ ಬಳಿಯ ಕಲಿಯಾನಾಕ್ಕೂ ನಡುವಿನ ಅಕ್ಷಾಂಶದ ಅಂತರವನ್ನು ಎರಡು ಬಗೆಯಲ್ಲಿ ಕಂಡುಹಿಡಿಯಲಾಗಿತ್ತು. ನೆಲದ ತ್ರಿಭುಜಗಳಿಂದ ಬಂದ ಅಂತರ ನಕ್ಷತ್ರಗಳ ವೀಕ್ಷಣೆಯಿಂದ ಬಂದದ್ದಕ್ಕಿಂತ 5.236 ಸೆಕೆಂಡು ಹೆಚ್ಚಿತ್ತು. ನೆಲದ ಮೇಲೆ ಅದು ಐನೂರು ಅಡಿಗೂ ಹೆಚ್ಚು. ಎವರೆಸ್ಟ್ ಅದನ್ನು ತ್ರಿಭುಜಗಳಲ್ಲಿ ಸಂಚಯವಾದ ದೋಷವೆಂದು ಬಗೆದು ಸರಣಿಯ ಉದ್ದಕ್ಕೂ ಹಂಚಿಬಿಟ್ಟನು. ಆದರೆ ಇದೇ ನೆಲದ ಮೇಲೆ ಆಧಾರರೇಖೆಗಳ ತಾಳೆ ಕೆಲವೇ ಅಂಗುಲಗಳಲ್ಲಿ ಮುಗಿದಿದ್ದಾಗ ಐನೂರು ಅಡಿಯ ಹೊಣೆಯನ್ನು ತ್ರಿಭುಜಗಳ ಮೇಲೆ ಹೊರಿಸುವುದು ಸಲ್ಲದಾಗಿತ್ತು. ಕಲ್ಕತ್ತೆಯ ಆರ್ಚ್‌ಡೀಕನ್ ಆಗಿದ್ದ, ಗಣಿತದಲ್ಲಿ ನುರಿತ ಜಾನ್ ಹೆನ್ರಿ ಪ್ರ್ಯಾಟ್ 1855ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ದೋಷವನ್ನು ನಕ್ಷತ್ರವೀಕ್ಷಣೆಯ ಕಡೆಗೆ ತಿರುಗಿಸಿದನು: ನೇರ ಕೆಳಮುಖವನ್ನು ತೋರಿಸಬೇಕಾದ ತೂಗುಗುಂಡನ್ನು ಹಿಮಾಲಯದ ರಾಶಿ ತನ್ನ ಕಡೆಗೆ ಸೆಳೆಯುವುದರಿಂದ ನೆತ್ತಿಯ ದಿಕ್ಕೇ ಓರೆಯಾಗಿ ಅಕ್ಷಾಂಶ ಕೆಟ್ಟಿದೆಯೆಂಬುದು ಅವನ ವಾದ. ಆದರೆ ಬೆಟ್ಟಗಳ ಗಾತ್ರವನ್ನು ಹಿಡಿದು ಲೆಕ್ಕಹಾಕಿದಾಗ ಸೆಳೆತ 15.885 ಸೆಕೆಂಡುಗಳಷ್ಟಿರಬೇಕೆಂದು ಬಂದಿತು, ಕಂಡುಬಂದದ್ದು ಅದರ ಮೂರನೆಯ ಒಂದು ಭಾಗ ಮಾತ್ರ.

ತನ್ನ ವಿವರಣೆಗೆ ಸರಿಹೊಂದದ ಈ ಸಂಖ್ಯೆಯನ್ನು ಪ್ರ್ಯಾಟ್ ಮುಚ್ಚಿಡದೆ ಮುದ್ರಿಸಿದನು. ಅದೇ ವರ್ಷ ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ಅದಕ್ಕೆ ಕಾರಣವನ್ನು ಸೂಚಿಸಿದನು: ಪರ್ವತಗಳ ಅಡಿಯಲ್ಲಿ ಹಗುರವಾದ ಶಿಲೆ ಆಳಕ್ಕೆ ಇಳಿದು, ಅದಕ್ಕಿಂತ ಭಾರವಾದ ಪದರದ ಮೇಲೆ ತೇಲುತ್ತಿರುವಂತೆ ಇರುವುದರಿಂದ ಮೇಲಿನ ರಾಶಿಯ ಸೆಳೆತವನ್ನು ಕೆಳಗಿನ ಕೊರತೆ ಬಹುಮಟ್ಟಿಗೆ ಸರಿದೂಗಿಸುತ್ತದೆ. ಭೂವಿಜ್ಞಾನದಲ್ಲಿ ಐಸೊಸ್ಟಸಿ ಎಂದು ಹೆಸರಾದ ಈ ಸಮತೋಲದ ವಿಚಾರ ಹುಟ್ಟಿದ್ದು ತ್ರಿಭುಜಗಳ ಲೆಕ್ಕದಲ್ಲಿ ಎಷ್ಟು ತಿದ್ದಿದರೂ ಉಳಿದುಕೊಂಡ ಐದು ಸೆಕೆಂಡುಗಳಿಂದ.

ದಕ್ಷಿಣದ ಹಳೆಯ ತ್ರಿಭುಜಗಳನ್ನು ಹಾಗೆಯೇ ಬಿಡಲಾಗಲಿಲ್ಲ. ಸರಪಳಿಯ ಮೂಲ ಉದ್ದವೇ ಸಂದೇಹಕ್ಕೆ ಒಳಗಾಗಿದ್ದುದರಿಂದ ಬೀದರಿನಿಂದ ಕನ್ಯಾಕುಮಾರಿಯವರೆಗಿನ ಭಾಗವನ್ನು ಜೇಮ್ಸ್ ವಾಕರ್‌ನ ಅಧಿಕಾರಾವಧಿಯಲ್ಲಿ ಹೊಸದಾಗಿ ಅಳೆದು, 1868ರಲ್ಲಿ ಬೆಂಗಳೂರಿನಲ್ಲಿ ಕಾಲ್ಬಿಯ ಪಟ್ಟಿಗಳಿಂದ ಮತ್ತೊಮ್ಮೆ ಆಧಾರರೇಖೆ ಅಳೆಯಲಾಯಿತು. ಅದರ ಒಂದು ತುದಿ ಈಗಿನ ಮೇಖ್ರಿ ವೃತ್ತದ ಬಳಿ, ಇನ್ನೊಂದು ಕಣ್ಣೂರು ಗ್ರಾಮದಲ್ಲಿತ್ತು. ವಾಕರ್ ಇಡೀ ದೇಶದ ತ್ರಿಭುಜಗಳನ್ನು ಕೆಲವು ದೊಡ್ಡ ವಿಭಾಗಗಳಾಗಿ ಮಾಡಿ, ಪ್ರತಿ ವಿಭಾಗದ ಎಲ್ಲ ಕೋನಗಳ ತಿದ್ದುಪಡಿಗಳನ್ನೂ ಕನಿಷ್ಠ ವರ್ಗಗಳ ವಿಧಾನದಿಂದ ಏಕಕಾಲದಲ್ಲಿ ನಿರ್ಣಯಿಸುವ ಭಾರಿ ಲೆಕ್ಕವನ್ನು ಕೈಗೆತ್ತಿಕೊಂಡನು. ಅದೇ ದಶಕದಲ್ಲಿ ಬ್ಯಾಸೆವಿ ಎಂಬ ಅಧಿಕಾರಿ ಲೋಲಕವನ್ನು, ಅಂದರೆ ಗುರುತ್ವಕ್ಕೆ ತಕ್ಕಂತೆ ನಿಧಾನವಾಗಿಯೋ ಬೇಗನೆಯೋ ತೂಗುವ ದಂಡವನ್ನು, ದಕ್ಷಿಣದ ತುದಿಯಿಂದ ಬೆಂಗಳೂರು, ಬೀದರ್ ಸೀಮೆಯ ದಾಮರಗಿದ್ದ, ಕಲ್ಯಾಣಪುರ, ಕಲಿಯಾನಾಗಳ ಮೂಲಕ ಹಿಮಾಲಯದವರೆಗೆ ಒಯ್ದು ಗುರುತ್ವವನ್ನು ಅಳೆದನು. 1871ರಲ್ಲಿ ಲಡಾಖಿನ ಎತ್ತರದ ಮೋರೆ ಎಂಬ ಠಾಣೆಯಲ್ಲಿ ಕೆಲಸದ ನಡುವೆಯೇ ತೀರಿಕೊಂಡನು. ಅವನ ಅಳತೆಗಳಲ್ಲಿ, ಪರ್ವತಗಳಿಗೆ ಹತ್ತಿರವಾದಂತೆ ಗುರುತ್ವವು ಲೆಕ್ಕದಂತೆ ಇರಬೇಕಾದುದಕ್ಕಿಂತ ಕಡಿಮೆಯಾಗುತ್ತ ಹೋಗಿರುವುದು ಕಂಡುಬಂದಿತು.